ಪಕ್ಕದ ಡೈರಿ ದುಪ್ಪಟ್ಟಾಗ್ತಿದೆ, ನಮ್ಮ ಬೋರ್‌ವೆಲ್ ಗತಿ ಏನು? (ಮಿನೆಸೋಟ)

ಬಾವಿಮನೆ_ರಾಚೆಸ್ಟರ್

ಎಲ್ಲರಿಗೂ ನಮಸ್ಕಾರ. ತಿಳಿದವರ ಸಲಹೆ ಬೇಕಿತ್ತು. ನಾವಿರೋದು ಮಿನೆಸೋಟದ ಓಲ್ಮ್‌ಸ್ಟೆಡ್ ಕೌಂಟಿ, ರಾಚೆಸ್ಟರ್ ಊರಿನಿಂದ ಆಚೆ. ಸಿಟಿ ನೀರು ಇಲ್ಲಿಗೆ ಬರಲ್ಲ. ಮನೆ ಹಿಂದೆ ಬೋರ್‌ವೆಲ್ ಇದೆ, ಕುಡಿಯೋಕೂ ಅದೇ, ಸ್ನಾನಕ್ಕೂ ಅದೇ. ಮೊನ್ನೆ ಅಂಚೆಯಲ್ಲಿ ನೋಟಿಸ್ ಬಂತು. ರಸ್ತೆಯಾಚೆಯ ಡೈರಿಯವರು 640 ಅನಿಮಲ್ ಯೂನಿಟ್‌ನಿಂದ 1,300ಕ್ಕೆ ಹೋಗಲು ಪರ್ಮಿಟ್ ಕೇಳಿದ್ದಾರಂತೆ. ಹೊಸ ಕೊಟ್ಟಿಗೆ, ಜೊತೆಗೆ ಸಗಣಿನೀರು ತುಂಬಿಡೋ ದೊಡ್ಡ ಹೊಂಡ.

ನಮ್ಮ ನೀರಲ್ಲಿ ನೈಟ್ರೇಟ್ ಈಗಲೇ ಲೀಟರಿಗೆ 7.8 ಮಿಲಿಗ್ರಾಂ ಇದೆ. ಮಿತಿ 10. ಹೆಂಡತಿ ಬಸುರಿ, ಅತ್ತೆ ಬಾಣಂತನಕ್ಕೆ ಮೈಸೂರಿಂದ ಬರೋರಿದ್ದಾರೆ. ಡೈರಿಯವರು ಒಳ್ಳೆ ಜನ, ಚಳಿಗಾಲದಲ್ಲಿ ನಾವು ಕೇಳದೇನೇ ಬಂದು ನಮ್ಮ ಮನೆ ಮುಂದಿನ ಹಿಮ ತಳ್ಳಿ ಹೋಗ್ತಾರೆ. ಜಗಳ ಬೇಡ ನನಗೆ. ಆದರೆ ಈ ಪರ್ಮಿಟ್ ಅನ್ನೋದು ನಮ್ಮ ನೀರನ್ನ ನಿಜವಾಗಿ ಕಾಯುತ್ತಾ, ಇಲ್ಲಾ ಬರೀ ಕಾಗದಾನಾ?

ಗೋಕಾಕ_ಹೈನು

ಅಲ್ರೀ, ಸಗಣಿಗೂ ಪರ್ಮಿಟ್ ಬೇಕೇನ್ರೀ ಅಮೆರಿಕಾದಾಗ! ನಮ್ಮ ಕಡೆ ಒಂದ ಟ್ರ್ಯಾಕ್ಟರ್ ತಿಪ್ಪಿ ಗೊಬ್ಬರಕ್ಕ ಜನ ಮೊದಲ ರೊಕ್ಕಾ ಕೊಟ್ಟ ಹೋಗ್ತಾರ. ನನ್ನ ಹತ್ರ ಹನ್ನೆರಡ ಎಮ್ಮಿ ಅದಾವ, ಹೊಲಕ್ಕ ಸಗಣಿ ಸಾಲೂದಿಲ್ಲ. ಮತ್ತ ಈ ಅನಿಮಲ್ ಯೂನಿಟ್ ಅಂದ್ರ ಏನ? 1,300 ಆಕಳಾ?

ಅಯೋವಾ_ಅಣ್ಣಯ್ಯ

ತಲೆ ಲೆಕ್ಕ ಅಲ್ಲ ಅದು. ಮಿನೆಸೋಟದಲ್ಲಿ ಮಾಂಸಕ್ಕೆ ಬೆಳೆಸೋ ಒಂದು ದನ ಅಂದರೆ 1 ಯೂನಿಟ್. 1,000 ಪೌಂಡ್ ಮೀರಿದ ಹಾಲಿನ ಹಸು 1.4, 55ರಿಂದ 300 ಪೌಂಡಿನ ಹಂದಿ 0.3. ಅಂದರೆ 1,300 ಯೂನಿಟ್ ಎಲ್ಲಾ ಹಾಲಿನ ಹಸುಗಳೇ ಆದರೆ ಸುಮಾರು 930 ಹಸು. ಈಗಿರೋದು ಹೆಚ್ಚುಕಡಿಮೆ 460.

ಮೊದಲೇ ಹೇಳಿಬಿಡ್ತೀನಿ, ನಾನು ಹೆಬ್ಬಾಳದ ವೆಟರ್ನರಿ ಕಾಲೇಜಲ್ಲಿ ಓದಿ ಇಲ್ಲಿ ಡೈರಿಗಳಿಗೆ ಮೇವಿನ ಲೆಕ್ಕ ಹಾಕಿಕೊಡೋ ಕೆಲಸ ಮಾಡೋನು. ನನ್ನ ಅನ್ನ ರೈತರ ಕಡೆಯದು, ಅದನ್ನ ನೆನಪಿಟ್ಟುಕೊಂಡೇ ಓದಿ.

ಗೋಕಾಕದ ಸರ್, ನಿಮ್ಮಲ್ಲಿ ಸಗಣಿ ಸಾಲಲ್ಲ, ಇಲ್ಲಿ ಇಡೋಕೆ ಜಾಗ ಇಲ್ಲ. ಕರೆಯೋ ಒಂದು ಹೋಲ್‌ಸ್ಟೀನ್ ದಿನಕ್ಕೆ ಸಗಣಿ, ಗಂಜಲ ಸೇರಿ 60 ಕೆಜಿಗೂ ಜಾಸ್ತಿ ಹಾಕುತ್ತೆ. 930 ಹಸು ಅಂದರೆ ದಿನಕ್ಕೆ 55 ಟನ್ ದಾಟುತ್ತೆ. ಅದರ ಮೇಲೆ ಹಾಲು ಕರೆಯೋ ಜಾಗ ತೊಳೆದ ನೀರು. ಇದು ತಿಪ್ಪೆ ಅಲ್ಲ, ಗಂಜಿ ಥರ ಹರಿಯೋ ವಸ್ತು. ಬಹುಪಾಲು ನೀರೇ ಆದ್ದರಿಂದ ದೂರ ಸಾಗಿಸಿದರೆ ಡೀಸೆಲ್ ಖರ್ಚೂ ಹುಟ್ಟಲ್ಲ. ಹಾಗಾಗಿ ಹತ್ತಿರದ ಹೊಲಗಳಿಗೇ ಮತ್ತೆ ಮತ್ತೆ ಬೀಳುತ್ತೆ. ತೊಂದರೆ ಶುರುವಾಗೋದು ಅಲ್ಲಿ.

ಇನ್ನು ಕಾನೂನು. 1972ರ ಕ್ಲೀನ್ ವಾಟರ್ ಆ್ಯಕ್ಟ್ ಪ್ರಕಾರ ಕೊಳವೆ, ಕಾಲುವೆ ಥರ ಗುರುತಿಸಬಹುದಾದ ಜಾಗದಿಂದ ನದಿಗೆ ಕೊಳೆ ಬಿಡೋರಿಗೆ ಪರ್ಮಿಟ್ ಬೇಕು. ದೊಡ್ಡ ದನದ ದೊಡ್ಡಿಯನ್ನೂ ಆ ಪಟ್ಟಿಯಲ್ಲೇ ಹೆಸರಿಸಿದ್ದಾರೆ. ಫೆಡರಲ್ ಲೆಕ್ಕದಲ್ಲಿ ಮಾಂಸದ ದನ 1,000 ಅಥವಾ ಹಾಲಿನ ಹಸು 700 ಇದ್ದರೆ ‘ದೊಡ್ಡದು’. ದೊಡ್ಡಿಯಿಂದ, ಹೊಂಡದಿಂದ ಒಂದು ಹನಿಯೂ ನದಿ, ಹೊಳೆಗೆ ಹರಿಯಬಾರದು. 25 ವರ್ಷಕ್ಕೊಮ್ಮೆ ಬರುವಂಥ 24 ಗಂಟೆಯ ಮಳೆಯನ್ನ ತಡೆಯೋ ಹಾಗೆ ಕಟ್ಟಿದ್ದೂ ಅದನ್ನ ಮೀರಿ ಮಳೆ ಸುರಿದು ಉಕ್ಕಿದರೆ ಮಾತ್ರ ವಿನಾಯಿತಿ. ಮಿನೆಸೋಟದ ಸ್ವಂತ ನಿಯಮ ಇನ್ನೂ ಕೆಳಗಿಂದ ಶುರುವಾಗುತ್ತೆ. 50 ಯೂನಿಟ್ ಇದ್ದರೆ ನೋಂದಣಿ, ಕೆರೆ ಹೊಳೆ ದಂಡೆಯಲ್ಲಾದರೆ 10ಕ್ಕೇ. 300ರಿಂದ 999ರೊಳಗೆ ಕಟ್ಟೋಕೆ ಕೌಂಟಿಯಿಂದ ಅಥವಾ ರಾಜ್ಯದಿಂದ ಚಿಕ್ಕ ಪರ್ಮಿಟ್. 1,000 ಮುಟ್ಟಿದರೆ ದೊಡ್ಡ ಪರ್ಮಿಟ್: ಫೆಡರಲ್ ಕಾನೂನಿನ ಎನ್‌ಪಿಡಿಇಎಸ್, ಇಲ್ಲಾ ರಾಜ್ಯದ್ದೇ ಆದ ಎಸ್‌ಡಿಎಸ್.

ಅದಕ್ಕೇ ಇಲ್ಲಿ 980, 990ಕ್ಕೆ ಬಂದು ನಿಲ್ಲೋ ಫಾರಂಗಳು ಬೇಕಾದಷ್ಟಿವೆ. ನಿಮ್ಮ ನೆರೆಯವರು ರಾಜಾರೋಷವಾಗಿ 1,300 ಅಂತ ಬರೆದಿದ್ದಾರಲ್ಲ, ಒಂದು ಲೆಕ್ಕದಲ್ಲಿ ನಿಮಗೆ ಒಳ್ಳೆಯದೇ. ಕಾಗದ ಎಲ್ಲಾ ನೋಡೋಕೆ ಸಿಗುತ್ತೆ.

ನರ್ಸಮ್ಮ_ಸೇಂಟ್‌ಪಾಲ್

ಪರ್ಮಿಟ್ ಆಮೇಲೆ ನೋಡೋಣ. ಮೊದಲು ಮಗು ವಿಷಯ. ಅತ್ತೆಯವರು ವಿಮಾನ ಹತ್ತೋ ಮುಂಚೇನೇ ಹೇಳಿಬಿಡಿ: ಈ ನೀರನ್ನ ಕಾಯಿಸಿ ಆರಿಸಿದರೆ ಸರಿಹೋಗಲ್ಲ, ಇನ್ನೂ ಕೆಡುತ್ತೆ. ನೀರು ಆವಿಯಾಗುತ್ತೆ, ನೈಟ್ರೇಟ್ ಪಾತ್ರೆಯಲ್ಲೇ ಉಳಿದು ಗಟ್ಟಿಯಾಗುತ್ತೆ. ನಮ್ಮಮ್ಮಂದಿರಿಗೆ ಕುದಿಸಿದ ನೀರು ಅಂದರೆ ದೇವರ ಮೇಲಿನಷ್ಟು ನಂಬಿಕೆ, ಹಾಗಾಗಿ ಮೊದಲೇ ಹೇಳೋದು ವಾಸಿ.

ಆರು ತಿಂಗಳೊಳಗಿನ ಮಗುವಿಗೆ ಈ ನೀರಲ್ಲಿ ಪುಡಿಹಾಲು ಕಲಸಿ ಕೊಟ್ಟರೆ ಅಪಾಯ. ನೈಟ್ರೇಟ್ ಹೊಟ್ಟೆಯಲ್ಲಿ ನೈಟ್ರೈಟ್ ಆಗಿ ರಕ್ತಕ್ಕೆ ಆಮ್ಲಜನಕ ಹೊರೋ ಶಕ್ತಿ ಕುಂದಿಸುತ್ತೆ, ಮಗು ತುಟಿ, ಚರ್ಮ ನೀಲಿಗಟ್ಟುತ್ತೆ. 10ರ ಮಿತಿ ಹುಟ್ಟಿದ್ದೇ ಈ ಕಾರಣಕ್ಕೆ. ಫ್ರಿಡ್ಜ್ ಫಿಲ್ಟರ್, ಇದ್ದಿಲಿನ ಜಗ್ ಫಿಲ್ಟರ್, ವಾಟರ್ ಸಾಫ್ಟ್‌ನರ್ ಯಾವುದೂ ಇದನ್ನ ತೆಗೆಯಲ್ಲ. ಅಡುಗೆಮನೆ ಸಿಂಕ್ ಕೆಳಗೆ ಆರ್‌ಒ ಹಾಕಿಸಿ. ಹಾಕಿಸಿದ ಮೇಲೂ ಆರ್‌ಒ ನೀರನ್ನ ಒಮ್ಮೆ ಪರೀಕ್ಷೆಗೆ ಕೊಡಿ. ಹಿಮ ಕರಗಿದ ಮೇಲೆ, ದೊಡ್ಡ ಮಳೆ ಆದ ಮೇಲೆ ಅಂಕಿ ಏರೋದುಂಟು. ನಿಮ್ಮ 7.8 ಯಾವ ತಿಂಗಳಿನದು?

ಬಾವಿಮನೆ_ರಾಚೆಸ್ಟರ್

ಜನವರಿ, ಮೇಡಂ. ನೆಲವೆಲ್ಲ ಹೆಪ್ಪುಗಟ್ಟಿತ್ತು.

ನರ್ಸಮ್ಮ_ಸೇಂಟ್‌ಪಾಲ್

ಹಾಗಾದರೆ ಏಪ್ರಿಲ್, ಜೂನ್‌ನಲ್ಲಿ ಮತ್ತೆ ಮಾಡಿಸಿ. ಜನವರಿ ಅಂಕಿ ನೋಡಿ ನಿಶ್ಚಿಂತೆ ಬೇಡ.

ಗೋಕಾಕ_ಹೈನು

ನಮ್ಮ ಬಾವಿ ನೀರ ಟೆಸ್ಟ್ ಮಾಡ್ಸಿದಾಗ ನೈಟ್ರೇಟ್ 62 ಅಂತ ಬಂದಿತ್ತ. ಇವರಿಗೆ 7.8ಕ್ಕ ಇಷ್ಟ ಗಾಬರಿ ಅಂದ್ರ ನಾವು ಇಷ್ಟೊತ್ತಿಗೆ ಹೋಗೇ ಬಿಡಬೇಕಿತ್ತಲ್ರೀ.

ನಿವೃತ್ತ_ಎಂಜಿನಿಯರ್_ತುಮಕೂರು

ಎರಡೂ ಬೇರೆ ಅಳತೆ. ಅಮೆರಿಕದವರು ನೈಟ್ರೇಟಿನೊಳಗಿನ ಸಾರಜನಕವನ್ನು ಮಾತ್ರ ಎಣಿಸುತ್ತಾರೆ, ಮಿತಿ ಲೀಟರಿಗೆ 10 ಮಿಲಿಗ್ರಾಂ. ನಮ್ಮ ಐಎಸ್ 10500 ಇಡೀ ನೈಟ್ರೇಟನ್ನು ಎಣಿಸುತ್ತದೆ, ಮಿತಿ 45. ಹೆಚ್ಚುಕಡಿಮೆ ಎರಡೂ ಒಂದೇ. ನಿಮ್ಮ 62 ಅವರ ಲೆಕ್ಕದಲ್ಲಿ 14. ಅವರ 7.8 ನಮ್ಮ ಲೆಕ್ಕದಲ್ಲಿ ಸುಮಾರು 35. ಆದ್ದರಿಂದ ಅವರಿಗಿಂತ ಮೊದಲು ಗಾಬರಿಯಾಗಬೇಕಾದವರು ನೀವು. ಮನೆಯಲ್ಲಿ ಕೂಸು ಇದ್ದರೆ ಆ ನೀರಿನಲ್ಲಿ ಪುಡಿಹಾಲು ಕಲಸಬೇಡಿ.

ಇದು ನಿಮ್ಮೊಬ್ಬರ ಕಥೆಯೂ ಅಲ್ಲ. ಕೇಂದ್ರ ಅಂತರ್ಜಲ ಮಂಡಳಿಯ 2024ರ ವರದಿಯಲ್ಲಿ ಕರ್ನಾಟಕದ ಶೇ. 48ರಷ್ಟು ಮಾದರಿಗಳು 45 ಮೀರಿದ್ದವು. ರಾಜಸ್ಥಾನ ಶೇ. 49, ಅದರ ಹಿಂದೆಯೇ ನಾವು. ರಸಗೊಬ್ಬರ, ಊರಿನ ಕಕ್ಕಸು ಗುಂಡಿ, ತಿಪ್ಪೆ ಎಲ್ಲದರದ್ದೂ ಪಾಲಿದೆ.

ಸುಳ್ಯದವ_ಮ್ಯಾಡಿಸನ್

ಬಾವಿ ನೋಡದೆ ಪರ್ಮಿಟ್ ನೋಡಿ ಏನು ಪ್ರಯೋಜನ ಮಾರಾಯ್ರೆ? ನಿಮ್ಮ ಬೋರ್‌ವೆಲ್ ಆಳ ಎಷ್ಟು, ಕೇಸಿಂಗ್ ಪೈಪು ಎಲ್ಲಿಯವರೆಗೆ ಇಳಿದಿದೆ ಅಂತ ನೋಡಿ. ಮಿನೆಸೋಟ ವೆಲ್ ಇಂಡೆಕ್ಸ್ ಅಂತ ಆನ್‌ಲೈನ್ ದಾಖಲೆ ಉಂಟು, ಬಾವಿಯ ನಂಬರ್ ಹಾಕಿದರೆ ಕೊರೆಯುವಾಗ ಯಾವ ಅಡಿಯಲ್ಲಿ ಯಾವ ಕಲ್ಲು ಸಿಕ್ಕಿತು ಅಂತ ಬರುತ್ತದೆ. 1974ಕ್ಕೆ ಮೊದಲಿನ ಬಾವಿಯಾದರೆ ಏನೂ ಸಿಗದೆ ಇರಬಹುದು.

ನಾನು ಅಂತರ್ಜಲದ ಕೆಲಸ ಮಾಡುವವ, ಹಾಗಾಗಿ ಇಲ್ಲಿ ಸ್ವಲ್ಪ ಉದ್ದ ಆಗುತ್ತದೆ. ನಿಮ್ಮ ಕಡೆಯ ನೆಲ ಸುಣ್ಣಕಲ್ಲಿನದ್ದು. ಮೇಲೆ ತೆಳು ಮಣ್ಣು, ಅದರಡಿ ಬಿರುಕು ಬಿಟ್ಟ ಗಲೀನಾ ಸುಣ್ಣಕಲ್ಲು, ಅದರಡಿ ಡೆಕೋರಾ ಅಂತ ಒಂದು ಜೇಡಿಕಲ್ಲಿನ ಪದರ, ಇನ್ನೂ ಕೆಳಗೆ ಮರಳುಗಲ್ಲು. ಡೆಕೋರಾ ಪದರ ನೀರನ್ನು ಸುಲಭಕ್ಕೆ ಕೆಳಗೆ ಬಿಡುವುದಿಲ್ಲ. ನಿಮ್ಮ ಕೇಸಿಂಗ್ ಅದನ್ನು ದಾಟಿ ಇಳಿದಿದ್ದರೆ ಹಳೆಯ, ಶುದ್ಧ ನೀರು ಸಿಗುವ ಸಾಧ್ಯತೆ ಹೆಚ್ಚು. ಅದರ ಮೇಲೆಯೇ ನಿಂತಿದ್ದರೆ ಇವತ್ತು ಹೊಲಕ್ಕೆ ಬಿದ್ದದ್ದು ಕೆಲವೇ ದಿನಗಳಲ್ಲಿ ನಿಮ್ಮ ನಲ್ಲಿಗೆ ಬರಬಹುದು. 7.8 ನೋಡಿದರೆ ನಿಮ್ಮದು ಮೇಲಿನದ್ದೇ ಅಂತ ನನ್ನ ಊಹೆ. ಸುಣ್ಣಕಲ್ಲಿನ ಬಿರುಕು ಮಣ್ಣಿನ ಹಾಗೆ ಸೋಸುವುದಿಲ್ಲ, ಬರೀ ಸಾಗಿಸುತ್ತದೆ.

ಇದೇ ಕಾರಣಕ್ಕೆ 2023ರ ನವೆಂಬರಿನಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ ಮಿನೆಸೋಟದ ಮೂರು ಇಲಾಖೆಗಳಿಗೆ ಕಟುವಾಗಿಯೇ ಪತ್ರ ಬರೆಯಿತು. ಆಗ್ನೇಯದ ಎಂಟು ಕೌಂಟಿಗಳಲ್ಲಿ ಮಿತಿ ಮೀರಿದ ಬಾವಿ ಇರುವವರನ್ನು ಹುಡುಕಿ, ಬೇರೆ ಕುಡಿಯುವ ನೀರು ಕೊಡಿ, ಫೀಡ್‌ಲಾಟ್ (ದನದ ದೊಡ್ಡಿ) ಪರ್ಮಿಟ್ ಬಿಗಿ ಮಾಡಿ ಅಂತ. ನಿಮ್ಮ ಓಲ್ಮ್‌ಸ್ಟೆಡ್ ಆ ಎಂಟರಲ್ಲಿ ಒಂದು. ನಿಮ್ಮ ಅಂಕಿ 10 ದಾಟಿದರೆ ಕೌಂಟಿಯವರಿಗೆ ಕೂಡಲೇ ತಿಳಿಸಿ.

ಒಂದು ಪ್ರಶ್ನೆ. ಆಚೆ ಹೊಲದಲ್ಲಿ ಎಲ್ಲಾದರೂ ನೆಲ ಬಟ್ಟಲಿನ ಹಾಗೆ ಕುಸಿದದ್ದು ಉಂಟಾ? ಉಳುವಾಗ ಸುತ್ತು ಹಾಕಿ ಬಿಡುವ ಜಾಗ?

ನಿವೃತ್ತ_ಎಂಜಿನಿಯರ್_ತುಮಕೂರು

ನಾನು ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿದ್ದವನು. ಸಮ್ಮತಿ ಪತ್ರ, ಅಂದರೆ ಮಂಡಳಿ ಕೊಡುವ ಪರ್ಮಿಟ್, ಓದಿಯೇ ಕೂದಲು ನೆರೆತಿದೆ. ಪರ್ಮಿಟ್ ಕಾಗದವೋ ಕಾವಲೋ ಎಂದು ಕೇಳಿದ್ದೀರಿ. ಕೊಟ್ಟಿಗೆಗೆ, ಹೊಂಡಕ್ಕೆ ಅದು ಕಾವಲು. ಹೊಲಕ್ಕೆ ಬರುವ ಹೊತ್ತಿಗೆ ಅರ್ಧ ಕಾವಲು, ಅರ್ಧ ಕಾಗದ.

ಹೊಂಡವನ್ನೇ ನೋಡಿ. ಮಿನೆಸೋಟದ ನಿಯಮದಲ್ಲಿ ಹೊಂಡದ ತಳದಿಂದ ದಿನಕ್ಕೆ ಒಂದು ಇಂಚಿನ 56ನೇ ಒಂದು ಪಾಲು ಸೋರಿದರೆ ತಪ್ಪಿಲ್ಲ. ಕೇಳಲು ಏನೂ ಅಲ್ಲ ಅನ್ನಿಸುತ್ತದೆ. ಒಂದು ಎಕರೆ ಹೊಂಡಕ್ಕೆ ಲೆಕ್ಕ ಹಾಕಿದರೆ ದಿನಕ್ಕೆ ಸುಮಾರು 500 ಗ್ಯಾಲನ್, ನಮ್ಮ 1,900 ಲೀಟರ್. ಇದು ಎಲ್ಲಾ ಸರಿಯಿದ್ದಾಗ. ಸುಣ್ಣಕಲ್ಲಿನ ನೆಲದಲ್ಲಿ ನಿಯಮ ಇದಕ್ಕಿಂತ ಬಿಗಿ, ಬಂಡೆ ಎಷ್ಟು ಅಡಿ ಕೆಳಗಿದೆ ಎನ್ನುವುದನ್ನು ನೋಡಿ ತಳ ಹೇಗಿರಬೇಕೆಂದು ನಿರ್ಧರಿಸುತ್ತಾರೆ. ಆದ್ದರಿಂದ ಅರ್ಜಿಯಲ್ಲಿ ಮೊದಲು ಹುಡುಕಬೇಕಾದ್ದು ಮಣ್ಣು ಕೊರೆದು ನೋಡಿದ ವರದಿ. ಎಷ್ಟು ಕಡೆ ಕೊರೆದರು, ಬಂಡೆ ಎಲ್ಲಿ ಸಿಕ್ಕಿತು.

ಎರಡನೆಯದು ಗೊಬ್ಬರ ನಿರ್ವಹಣಾ ಯೋಜನೆ. ಯಾವ ಹೊಲಕ್ಕೆ, ಯಾವ ತಿಂಗಳು, ಎಕರೆಗೆ ಎಷ್ಟು, ಮುಂದಿನ ಬೆಳೆ ಏನು ಎಂದು ಹೊಲ ಹೊಲದ ಲೆಕ್ಕ ಇರುತ್ತದೆ. ಹಸುಗಳ ಸಂಖ್ಯೆ ದುಪ್ಪಟ್ಟಾದರೆ ಎಕರೆಯೂ ಹೆಚ್ಚಬೇಕಲ್ಲ? ಹೆಚ್ಚಿದೆಯೇ ನೋಡಿ. ಇತರರಿಗೆ ಮಾರಿದ ಗೊಬ್ಬರ ಎಂದು ಬರೆದು ಕೈತೊಳೆದುಕೊಂಡಿದ್ದಾರೆಯೇ ಅದನ್ನೂ ನೋಡಿ.

ನಮ್ಮಲ್ಲಿ ಜಲ ಕಾಯಿದೆ 1974ರದ್ದೇ. ಆದರೂ ಡೈರಿಗಳಿಗೆ ಸಮ್ಮತಿ ಎಂಬ ಮಾತು ಗಟ್ಟಿಯಾಗಿ ಬಂದದ್ದು ಎನ್‌ಜಿಟಿ (ರಾಷ್ಟ್ರೀಯ ಹಸಿರು ನ್ಯಾಯಮಂಡಳಿ) ಮೆಟ್ಟಿಲೇರಿದ ಒಂದು ಪ್ರಕರಣದ ನಂತರ, 2020ರ ಜುಲೈನ ಸಿಪಿಸಿಬಿ (ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ) ಮಾರ್ಗಸೂಚಿಯಲ್ಲಿ. 15 ಅಥವಾ ಹೆಚ್ಚು ಜಾನುವಾರು ಇರುವ ಡೈರಿ, ಗೋಶಾಲೆಗಳಿಗೆ ಸಮ್ಮತಿ ಬೇಕು. ಮಾಲಿನ್ಯದ ಪ್ರಮಾಣ ನೋಡಿ ಆ ಮಾರ್ಗಸೂಚಿಯಲ್ಲಿ ಡೈರಿಯನ್ನು ಕಿತ್ತಳೆ ವರ್ಗಕ್ಕೆ, ಗೋಶಾಲೆಯನ್ನು ಹಸಿರಿಗೆ ಸೇರಿಸಿದರು. ಅಲ್ಲಿಯ ಒತ್ತೆಲ್ಲ ಸಗಣಿ ಚರಂಡಿಗೆ, ಕೆರೆಗೆ ಹೋಗದಂತೆ ನೋಡಿಕೊಳ್ಳುವುದರ ಮೇಲೆ. ನಗರದ ಡೈರಿಗಳಿಗೆ ಅದೇ ದೊಡ್ಡ ರೋಗ, ಸರಿಯಾದದ್ದೇ.

ಗೋಕಾಕ_ಹೈನು

ಹದಿನೈದ ಅಂದ್ರಿ? ನಂದು ಹನ್ನೆರಡು. ಇನ್ನ ಮೂರ ತಗೋಬೇಕಂತ ಮಾಡಿದ್ದೆ. ಈಗ ಎರಡಕ್ಕ ನಿಂದ್ರಸ್ತೀನಿ ಬಿಡ್ರಿ 😀

ಅಯೋವಾ_ಅಣ್ಣಯ್ಯ

ನೋಡಿ, 990 ಹೇಗೆ ಹುಟ್ಟುತ್ತೆ ಅಂತ ಈಗ ಎಲ್ಲರಿಗೂ ಗೊತ್ತಾಯ್ತು.

ಒಂದು ಮಾತು ನಾನೂ ಹೇಳಲೇಬೇಕು. ಎಂಜಿನಿಯರ್ ಸರ್ ಹೇಳಿದ್ದೆಲ್ಲ ಸರಿ, ಆದರೆ ದೊಡ್ಡ ಡೈರಿಯನ್ನೇ ಎಲ್ಲರೂ ಗುರಿ ಮಾಡ್ತೀರಿ. ಪರ್ಮಿಟ್ ಇರೋನು ಲೆಕ್ಕ ಬರೆದಿಡಬೇಕು, ಗೊಬ್ಬರ ಪರೀಕ್ಷೆ ಮಾಡಿಸಬೇಕು, ಅಧಿಕಾರಿ ಬಂದರೆ ತೋರಿಸಬೇಕು. ಪಕ್ಕದ ಜೋಳದ ರೈತ ಅನ್‌ಹೈಡ್ರಸ್ ಅಮೋನಿಯಾ (ಸಾರಜನಕದ ರಸಗೊಬ್ಬರ) ಟ್ಯಾಂಕು ತಂದು ನೆಲಕ್ಕೆ ಚುಚ್ಚಿ ಹೋದರೆ ಅವನಿಗೆ ಇಂಥ ಪರ್ಮಿಟ್ ಎಲ್ಲಿದೆ? ಮಿನೆಸೋಟ ಮಾಲಿನ್ಯ ನಿಯಂತ್ರಣ ಏಜೆನ್ಸಿಯ 2013ರ ವರದಿಯೇ ಹೇಳುತ್ತೆ, ಹೊಳೆಗಳಿಗೆ ಸೇರೋ ನೈಟ್ರೇಟಲ್ಲಿ ಶೇ. 70ಕ್ಕಿಂತ ಜಾಸ್ತಿ ಬೆಳೆ ಹೊಲಗಳಿಂದ. ಅದರಲ್ಲಿ ಸಗಣಿಗಿಂತ ಚೀಲದ ಗೊಬ್ಬರದ ಪಾಲೇ ದೊಡ್ಡದು.

ಸುಳ್ಯದವ_ಮ್ಯಾಡಿಸನ್

ಅಣ್ಣ, ನೀವು ಹೇಳಿದ್ದರಿಂದ ಪರ್ಮಿಟ್ ಹಗುರ ಮಾಡಬೇಕು ಅಂತ ಆಗುವುದಿಲ್ಲ, ಹೊಲವನ್ನೂ ಹಿಡಿಯಬೇಕು ಅಂತ ಆಗುತ್ತದೆ. ಸಮಸ್ಯೆ ಇರುವುದು ಕಾನೂನಿನ ಒಂದು ಕಂಡಿಯಲ್ಲಿ. ಯೋಜನೆ ಪ್ರಕಾರವೇ ಗೊಬ್ಬರ ಹಾಕಿದ ಹೊಲದಿಂದ ಮಳೆನೀರು ಕೊಚ್ಚಿಕೊಂಡು ಹೋದರೆ ಅದು ‘ಕೃಷಿ ಮಳೆನೀರು’, ಕ್ಲೀನ್ ವಾಟರ್ ಆ್ಯಕ್ಟಿನಲ್ಲಿ ವಿನಾಯಿತಿ. ಕಾಗದದಲ್ಲಿ ಎಲ್ಲ ಸರಿ, ಹೊಳೆಯಲ್ಲಿ ಮೀನು ಸತ್ತಿದೆ. 2022ರ ಜುಲೈಯಲ್ಲಿ ನಿಮ್ಮ ಪಕ್ಕದ ವಿನೋನಾ ಕೌಂಟಿಯ ರಶ್ ಕ್ರೀಕ್‌ನಲ್ಲಿ ದೊಡ್ಡ ಮಳೆಯ ಬೆನ್ನಿಗೆ ಸುಮಾರು 2,500 ಮೀನು ಸತ್ತವು, ಹೆಚ್ಚಿನವು ಟ್ರೌಟ್. ತನಿಖೆಯಲ್ಲಿ ಬಂದದ್ದು ಹೊಲದ ಸಗಣಿ, ಕೀಟನಾಶಕದ ವಿಷಯವೇ.

ನಿಮ್ಮ ಅಯೋವಾದಲ್ಲೇ ನೋಡಿ. ಡೆ ಮಾಯ್ನ್ ನಗರದ ನೀರು ಸಂಸ್ಥೆ 2015ರಲ್ಲಿ ನದಿಯ ಮೇಲ್ಭಾಗದ ಮೂರು ಕೌಂಟಿಗಳ ಮೇಲೆ ದಾವೆ ಹಾಕಿತು, ಹೊಲದಡಿಯ ಬಸಿಗಾಲುವೆ ಕೊಳವೆಗಳಿಂದ ನೈಟ್ರೇಟ್ ಬರುತ್ತದೆ, ಅದಕ್ಕೂ ಪರ್ಮಿಟ್ ಬೇಕು ಅಂತ. 2017ರಲ್ಲಿ ವಜಾ ಆಯಿತು. 2025ರ ಜೂನ್‌ನಲ್ಲಿ ಅದೇ ಊರಿನ ಸುತ್ತ ನೈಟ್ರೇಟ್ ತೆಗೆಯುವ ಯಂತ್ರ ಸಾಲದೆ, ಜನ ಹುಲ್ಲುಹಾಸಿಗೆ ನೀರು ಬಿಡುವುದನ್ನೇ ನೀರು ಪೂರೈಸುವವರು ನಿಷೇಧಿಸಿದರು.

ನಮ್ಮ ವಿಸ್ಕಾನ್ಸಿನ್ ಮಾತ್ರ ಒಂದು ಹೆಜ್ಜೆ ಮುಂದೆ ಹೋಯಿತು. ಕೆವಾನಿ ಕೌಂಟಿಯೂ ಸುಣ್ಣಕಲ್ಲಿನದ್ದೇ. ಅಲ್ಲಿಯ ಒಂದು ದೊಡ್ಡ ಡೈರಿಯ ಪರ್ಮಿಟ್ ವಿಷಯ ರಾಜ್ಯದ ಸುಪ್ರೀಂ ಕೋರ್ಟಿಗೆ ಹೋಗಿ, ಗೊಬ್ಬರ ಹಾಕುವ ಹೊಲದ ಅಂತರ್ಜಲ ಪರೀಕ್ಷೆ ಮಾಡಿಸಿ ಅನ್ನುವುದಕ್ಕೂ, ದನದ ಸಂಖ್ಯೆಗೆ ಮಿತಿ ಹಾಕುವುದಕ್ಕೂ ಇಲಾಖೆಗೆ ಅಧಿಕಾರ ಉಂಟು ಅಂತ 2021ರಲ್ಲಿ ತೀರ್ಪಾಯಿತು. ಬೇರೆ ರಾಜ್ಯದ ತೀರ್ಪು, ಮಿನೆಸೋಟಕ್ಕೆ ಕಟ್ಟುವುದಿಲ್ಲ. ಆದರೆ ಕೇಳುವುದಕ್ಕೆ ಅಡ್ಡಿಯಿಲ್ಲವಲ್ಲ.

ಬಾವಿಮನೆ_ರಾಚೆಸ್ಟರ್

ಸುಳ್ಯದ ಸರ್, ನೀವು ಕೇಳಿದ ಮೇಲೆ ಹೋಗಿ ನೋಡಿದೆ. ಅವರ ಹೊಲದ ಮೂಲೆಯಲ್ಲಿ ಮರಗಳ ಗುಂಪು ಇದೆ, ನಡುವೆ ತಗ್ಗು. ಹಳೇ ಬೇಲಿ ತಂತಿ, ಕಲ್ಲು ಎಲ್ಲಾ ಅದಕ್ಕೆ ಸುರಿದಿದ್ದಾರೆ. ನಾನು ಇಷ್ಟು ದಿನ ಕಸದ ಗುಂಡಿ ಅಂದುಕೊಂಡಿದ್ದೆ. ರಾಜ್ಯದ ಕಾರ್ಸ್ಟ್ (ಸುಣ್ಣಕಲ್ಲಿನ ನೆಲದ) ನಕ್ಷೆ ತೆಗೆದರೆ ಅಲ್ಲೇ ಸಿಂಕ್‌ಹೋಲ್, ಅಂದರೆ ಸುಣ್ಣಕಲ್ಲು ಕರಗಿ ನೆಲ ಕುಸಿದ ಗುಂಡಿ, ಅಂತ ಚುಕ್ಕೆ ಇದೆ! ಹೊಸ ಕೊಟ್ಟಿಗೆ ಗುರುತು ಹಾಕಿರೋ ಜಾಗಕ್ಕೆ ನಕ್ಷೆಯಲ್ಲಿ ಅಳೆದರೆ 800 ಅಡಿ ಆಸುಪಾಸು.

ಬೋರ್‌ವೆಲ್ ದಾಖಲೆಯೂ ಸಿಕ್ಕಿತು. ನಿಮ್ಮ ಊಹೆ ಸರಿ, ಕೇಸಿಂಗ್ ಡೆಕೋರಾ ಮುಟ್ಟೇ ಇಲ್ಲ.

ನಿವೃತ್ತ_ಎಂಜಿನಿಯರ್_ತುಮಕೂರು

ಹೊಸ ಕಟ್ಟಡ ಸಿಂಕ್‌ಹೋಲಿನಿಂದ 300 ಅಡಿಯೊಳಗೆ ಇರಬಾರದು, ಅದು ದಾಟಿದೆ. 1,000 ಅಡಿಯ ಇನ್ನೊಂದು ನಿಯಮ ಇತ್ತಲ್ಲ, ಅಣ್ಣಯ್ಯನವರೇ?

ಅಯೋವಾ_ಅಣ್ಣಯ್ಯ

ಇದೆ, ಇಲ್ಲಿ ಅದೇ ಮುಖ್ಯ. ಮಿನೆಸೋಟದಲ್ಲಿ ಪರ್ಮಿಟ್‌ಗೆ ಮುಂಚೆ ಪರಿಸರ ಪರಿಶೀಲನೆ ಅಂತ ಒಂದು ಹಂತ ಇದೆ, ಇಎಡಬ್ಲ್ಯೂ ಅಂತಾರೆ. ಸಾಮಾನ್ಯವಾಗಿ 1,000 ಯೂನಿಟ್ ಹೊಸದಾಗಿ ಸೇರಿಸಿದರೆ ಕಡ್ಡಾಯ. ಇವರು ಸೇರಿಸ್ತಿರೋದು 660, ಹಾಗಾಗಿ ತಪ್ಪಿಸಿಕೊಳ್ತಿದ್ದರು. ಆದರೆ ಗೊತ್ತಿರುವ ಸಿಂಕ್‌ಹೋಲಿನಿಂದ 1,000 ಅಡಿಯೊಳಗೆ ಆದರೆ 500ಕ್ಕೇ ಕಡ್ಡಾಯ. ಅದು ಮುಗಿಯೋವರೆಗೆ ಪರ್ಮಿಟ್ ಕೊಡೋ ಹಾಗಿಲ್ಲ. ಸಾರ್ವಜನಿಕರಿಗೆ ಅಭಿಪ್ರಾಯ ಬರೆಯೋಕೆ 30 ದಿನ ಸಿಗುತ್ತೆ. ರೈತರ ಕಡೆಯವನಾಗಿದ್ದೂ ಹೇಳ್ತೀನಿ, ಇದನ್ನ ಬಿಡಬೇಡಿ.

ಗೋಕಾಕ_ಹೈನು

ಗೋಬರ್ ಗ್ಯಾಸ್ ಮಾಡಿದ್ರ ಮುಗೀತಲ್ರೀ? ಗ್ಯಾಸೂ ಬರತೈತಿ, ಹೊಲಸೂ ಹೋಗತೈತಿ.

ಅಯೋವಾ_ಅಣ್ಣಯ್ಯ

ನಾತ ಕಡಿಮೆಯಾಗುತ್ತೆ, ಮೀಥೇನ್ ಉಪಯೋಗಕ್ಕೆ ಬರುತ್ತೆ. ಸಾರಜನಕ ಮಾತ್ರ ಎಲ್ಲೂ ಹೋಗಲ್ಲ ಸರ್. ಒಳಗೆ ಹೋದಷ್ಟೇ ಬಗ್ಗಡದಲ್ಲಿ ಹೊರಗೆ ಬರುತ್ತೆ, ಅದೂ ಬೇಗ ನೈಟ್ರೇಟ್ ಆಗೋ ಅಮೋನಿಯಂ ರೂಪದಲ್ಲಿ. ಗಿಡಕ್ಕೆ ಒಳ್ಳೆಯದು, ಹೊತ್ತು ತಪ್ಪಿ ಹಾಕಿದರೆ ನೀರಿಗೆ ಕೆಟ್ಟದ್ದು.

ಬಾವಿಮನೆ_ರಾಚೆಸ್ಟರ್

ನನ್ನ ಕಷ್ಟ ಬೇರೆ. ಹೊರಗಿಂದ ಬಂದು ಇಲ್ಲಿ ಮನೆ ಮಾಡಿದವರು ನಾವು. ಅವರು ಇಲ್ಲಿ ತಲೆತಲಾಂತರದಿಂದ ಇದ್ದಾರೆ. ನಾವು ಪತ್ರ ಬರೆದರೆ ‘ನಿನ್ನೆ ಬಂದವರು’ ಅನ್ನಲ್ವಾ?

ನರ್ಸಮ್ಮ_ಸೇಂಟ್‌ಪಾಲ್

ಅವರ ಮನೆಯವರೂ ಅದೇ ಸುಣ್ಣಕಲ್ಲಿನ ನೀರೇ ಕುಡಿಯೋದು. ಅವರ ಬಾವಿ ಅಂಕಿ ಎಷ್ಟು ಅಂತ ಕೇಳಿದ್ದೀರಾ? ಪತ್ರ ಹಾಕೋ ಮುಂಚೆ ಒಂದು ಡಬ್ಬಿ ಮೈಸೂರ್‌ಪಾಕ್ ತಗೊಂಡು ಹೋಗಿ ಕೂತು ಮಾತಾಡಿ. ನೋಟಿಸ್ ಕಳಿಸಿರೋದೂ ಅವರೇ ತಾನೇ? 500 ಯೂನಿಟ್ ಮೇಲಿನವರು 5,000 ಅಡಿಯೊಳಗಿನ ಎಲ್ಲರಿಗೂ ತಿಳಿಸಬೇಕು ಅಂತ ಕಾನೂನೇ ಇದೆ. ಅಕ್ಕಪಕ್ಕದವರು ಹೇಳಲಿ ಅಂತಾನೇ ಕಳಿಸೋದು.

ಬಾವಿಮನೆ_ರಾಚೆಸ್ಟರ್

ಹೋಗಿದ್ದೆವು. ಅವರ ಬಾವಿಯದು 11.4 ಅಂತೆ! ಮನೆಯಲ್ಲಿ ಯಾವಾಗಿಂದಲೋ ಆರ್‌ಒ ಇದೆ, ಯಾರಿಗೂ ಹೇಳಿರಲಿಲ್ಲ ಅಷ್ಟೆ. ಸಿಂಕ್‌ಹೋಲ್ ವಿಷಯ ಎತ್ತಿದಾಗ ಯಜಮಾನರ ಮುಖ ಸ್ವಲ್ಪ ಬಿಗಿಯಾಯಿತು, ಮಗ ಮಾತ್ರ ನಕ್ಷೆ ತರಿಸಿ ನೋಡಿದ. ಹಾಲಿನ ರೇಟ್ ಬಿದ್ದಿದೆ, ದೊಡ್ಡದು ಮಾಡದಿದ್ದರೆ ಮಾರಬೇಕಾಗುತ್ತೆ ಅಂದ. ಸುಳ್ಳಲ್ಲ ಅನ್ನಿಸಿತು.

ಹಾಗಾಗಿ ಪತ್ರದಲ್ಲಿ ‘ಬೇಡ’ ಅಂತ ಬರೀತಿಲ್ಲ. ಪರಿಸರ ಪರಿಶೀಲನೆ ಆಗಲಿ. ಹೊಂಡದ ತಳ ಕಾಂಕ್ರೀಟ್ ಆಗಲಿ. ಸಿಂಕ್‌ಹೋಲಿನ ಸುತ್ತ ಗೊಬ್ಬರ ಹಾಕದೆ ಹುಲ್ಲು ಬೆಳೆಸಲಿ. ಚಳಿಗಾಲ ಪೂರ್ತಿ ತುಂಬಿಡೋ ಜಾಗ ಇರಲಿ. ಸುತ್ತಲಿನ ಬಾವಿಗಳನ್ನ ವರ್ಷಕ್ಕೆರಡು ಸಲ ಪರೀಕ್ಷೆ ಮಾಡಿಸಲಿ. ಏನಾದರೂ ಬಿಟ್ಟಿದ್ದೀನಾ?

ಸುಳ್ಯದವ_ಮ್ಯಾಡಿಸನ್

ಶರತ್ಕಾಲದ ಗೊಬ್ಬರದ ಮಾತು ಬಿಟ್ಟಿದ್ದೀರಿ. ಕೊಯ್ಲಾದ ಖಾಲಿ ಹೊಲಕ್ಕೆ ಮಣ್ಣು ಬೆಚ್ಚಗಿರುವಾಗಲೇ ಹಾಕಿದರೆ ಹೀರಲು ಗಿಡ ಇಲ್ಲ, ನೈಟ್ರೇಟ್ ಆಗಿ ಬಸಿದು ಹೋಗುತ್ತದೆ. ಮಣ್ಣು 50 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ತಣ್ಣಗಾದ ಮೇಲೆ ಹಾಕಲಿ, ಇಲ್ಲವೇ ಮೊದಲು ರೈ ಥರದ ಹೊದಿಕೆ ಬೆಳೆ ಬಿತ್ತಲಿ. ಹೊಂಡಕ್ಕಿಂತ ನಿಮ್ಮ ಬಾವಿಗೆ ಇದೇ ಹೆಚ್ಚು ಮುಖ್ಯ ಅಂತ ನನಗೆ ಕಾಣುತ್ತದೆ.

ನಿವೃತ್ತ_ಎಂಜಿನಿಯರ್_ತುಮಕೂರು

‘ಪರೀಕ್ಷೆ ಮಾಡಿಸಲಿ’ ಎಂದಷ್ಟೇ ಬರೆದರೆ ಜನವರಿಯಲ್ಲಿ ಮಾಡಿಸಿ ಮುಗಿಸುತ್ತಾರೆ. ಹಿಮ ಕರಗಿದ ಮೇಲೆ ಒಮ್ಮೆ, ಗೊಬ್ಬರ ಹಾಕಿದ ನಂತರದ ಮಳೆಗೆ ಒಮ್ಮೆ ಎಂದು ಬರೆಯಿರಿ. ಅಂಕಿ 10 ದಾಟಿದರೆ ಯಾರು ಏನು ಮಾಡಬೇಕು ಎಂಬುದೂ ಷರತ್ತಿನಲ್ಲೇ ಇರಲಿ. ಎನ್‌ಪಿಡಿಇಎಸ್ ಆದರೆ ಇದು ಐದು ವರ್ಷದ ಪರ್ಮಿಟ್, ಈಗ ಸೇರದಿದ್ದರೆ ಮತ್ತೆ ಕೇಳಲು ಅಷ್ಟು ಕಾಯಬೇಕು. ನಿಮ್ಮ 7.8ರ ವರದಿಯನ್ನು ಪತ್ರದ ಜೊತೆ ಲಗತ್ತಿಸಿ. ನಾಳೆ ಏರಿದರೆ ಮೊದಲು ಎಷ್ಟಿತ್ತು ಎನ್ನುವುದಕ್ಕೆ ಅದೇ ಸಾಕ್ಷಿ.

ಬಾವಿಮನೆ_ರಾಚೆಸ್ಟರ್

ಎಲ್ಲಾ ಸೇರಿಸಿದೆ, ಇವತ್ತೇ ಕಳಿಸ್ತೀನಿ. ಏಜೆನ್ಸಿಯವರು ಮುಂದಿನ ವಾರ ಸಿಂಕ್‌ಹೋಲ್ ದೂರ ಅಳೆಯೋಕೆ ಬರ್ತಾರಂತೆ, ಡೈರಿಯವರ ಮಗ ನನ್ನನ್ನೂ ಕರೆದಿದ್ದಾನೆ.

ಅಯೋವಾ_ಅಣ್ಣಯ್ಯ

ಹೋಗಿ. ಅಳತೆ ಕೊಟ್ಟಿಗೆ ಗೋಡೆಯಿಂದಾ, ಹೊಂಡದ ಅಂಚಿಂದಾ ಅಂತ ಕೇಳಿ. ಎರಡರಲ್ಲಿ ಯಾವುದು ಸಿಂಕ್‌ಹೋಲಿಗೆ ಹತ್ತಿರವೋ ಅಲ್ಲಿಂದಲೂ ಅಳೆಸಿ.